ಬೈಕ್ ಓಡಿಸುವ ಮೊದಲು ನಿಲ್ಲಿಸುವುದು ಬರಲಿ

ಪ್ರಶ್ನೆ: ನನಗೆ ಹತ್ತೊಂಬತ್ತು ವರ್ಷ. ಶಿರಸಿಯಿಂದ 14 ಕಿಲೋಮೀಟರ್ ದೂರದ ಹಳ್ಳಿಯವಳು, ಶಿರಸಿಯಲ್ಲೇ ಪದವಿ ಓದುತ್ತಿದ್ದೇನೆ. ಬೆಳಗಿನ ಬಸ್ ತಪ್ಪಿದರೆ ಮೊದಲ ಎರಡು ತರಗತಿಗಳು ಹೋದಂತೆಯೇ. ಅಪ್ಪ ಸ್ಕೂಟರ್ ಕೊಂಡ ಮೇಲೆ ಅವರ ಹಳೆಯ 100 ಸಿಸಿ ಬೈಕ್ ಹೆಚ್ಚಾಗಿ ಕೊಟ್ಟಿಗೆಯ ಪಕ್ಕದಲ್ಲಿ ನಿಂತೇ ಇರುತ್ತದೆ. ನನಗೆ ಸೈಕಲ್ ಚೆನ್ನಾಗಿ ಬರುತ್ತದೆ, ಗೇರ್ ಬೈಕ್ ಮುಟ್ಟಿಲ್ಲ. ಗೆಳತಿಯರು ಸ್ಕೂಟರ್ ಸಾಕು ಎನ್ನುತ್ತಾರೆ. ಚಿಕ್ಕಪ್ಪನ ಮಗ ತನ್ನ 350 ಸಿಸಿ ಬೈಕಿನಲ್ಲೇ ಕಲಿಸುತ್ತೇನೆ ಎನ್ನುತ್ತಾನೆ. ಜನವರಿಯಲ್ಲಿ ಎಲ್ಲರೂ ಸೇರಿ ದೇವಿಮನೆ ಘಟ್ಟ ಇಳಿದು ಗೋಕರ್ಣಕ್ಕೆ ಹೋಗುವವರಿದ್ದಾರೆ, ನಾನೂ ಬೈಕ್ ಓಡಿಸಿಕೊಂಡು ಹೋಗಬಹುದೇ? ಅಪ್ಪನಿಗೆ ಭಯ. ಆದರೆ ಹದಿನಾರು ವರ್ಷದ ತಮ್ಮ ಅದೇ ಬೈಕಿನಲ್ಲಿ ಡೇರಿಗೆ ಹಾಲು ಒಯ್ದರೆ ಯಾರೂ ಏನೂ ಹೇಳುವುದಿಲ್ಲ. ನಾನು ಎಲ್ಲಿಂದ ಶುರು ಮಾಡಲಿ?

ಉತ್ತರ: ತಂಗಿ, ಖಂಡಿತ ಕಲಿ. ಅಪ್ಪನ ಆ ಹಳೆಯ ಬೈಕಿನಲ್ಲೇ ಕಲಿ. ಹಳ್ಳಿಯಿಂದ ಪೇಟೆಗೆ ಓದಲು ಬರುವ ಹುಡುಗಿಯರ ದಿನವೆಲ್ಲ ಬಸ್ಸಿನ ಹೊತ್ತಿಗೆ ಕಟ್ಟಿಹೋಗಿರುತ್ತದೆ. ಗ್ರಂಥಾಲಯದಲ್ಲಿ ಇನ್ನೊಂದು ಗಂಟೆ ಕೂರಬೇಕೆಂದರೂ ಕೊನೆಯ ಬಸ್ಸಿನ ಚಿಂತೆ. ಆ ಕಟ್ಟನ್ನು ಬಿಚ್ಚುವ ಶಕ್ತಿ ಕೊಟ್ಟಿಗೆಯ ಪಕ್ಕದ ಆ ಬೈಕಿಗೆ ಇದೆ, ಹಾಗಾಗಿ ನಿನ್ನ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ಶಿರಸಿ ಸುತ್ತಮುತ್ತ ಹೊಸಬರಿಗೆ ಬೈಕ್ ಕಲಿಸುತ್ತಾ ಬಂದವನಾಗಿ ನನಗೆ ಖಚಿತವಾಗಿರುವ ವಿಷಯ ಒಂದಿದೆ. ನಮ್ಮಲ್ಲಿ ಬೈಕ್ ಕಲಿಸುವುದೆಂದರೆ ‘ಕ್ಲಚ್ ಬಿಡು, ಎಕ್ಸಿಲರೇಟರ್ ಕೊಡು, ಹೋಗು’ ಎನ್ನುವುದು. ಒಂದೇ ಸಂಜೆಯಲ್ಲಿ ಬೈಕ್ ಮುಂದೆ ಓಡುತ್ತದೆ, ಕಲಿತಾಯಿತೆಂದು ಎಲ್ಲರಿಗೂ ಸಂತೋಷ. ನಿಲ್ಲಿಸುವುದನ್ನು ಯಾರೂ ಕೂತು ಕಲಿಸುವುದಿಲ್ಲ. ಎಂದೋ ಒಂದು ದಿನ ದನ ಅಡ್ಡ ಬಂದಾಗ ತಾನಾಗಿ ಬರುತ್ತದೆ ಎಂದು ಬಿಟ್ಟುಬಿಡುತ್ತಾರೆ. ಅದು ಹಾಗೆ ಬರುವುದಿಲ್ಲ. ಬೇಕಾದ ಜಾಗದಲ್ಲಿ, ಬೇಕಾದ ಹೊತ್ತಿಗೆ, ಬೀಳದೆ ನಿಲ್ಲಿಸುವುದು ಪ್ರತ್ಯೇಕವಾಗಿ ಕಲಿತು, ಮತ್ತೆ ಮತ್ತೆ ಮಾಡಿ ಕೈಗೆ ಹತ್ತಿಸಿಕೊಳ್ಳಬೇಕಾದ ವಿದ್ಯೆ. ಅಪ್ಪನ ಭಯ ಇರುವುದೂ ಅಲ್ಲಿಯೇ. ಮಗಳಿಗೆ ಓಡಿಸಲು ಬಾರದೆಂಬ ಭಯವಲ್ಲ ಅದು, ನಿಲ್ಲಿಸಲು ಆಗದಿದ್ದರೆ ಎಂಬ ಭಯ. ಆದ್ದರಿಂದ ನಿನ್ನ ಕಲಿಕೆಯ ಮೊದಲ ಪಾಠವೂ ನಿಲ್ಲಿಸುವುದೇ ಆಗಲಿ.

ಮೊದಲು ಕಾಗದಪತ್ರದ ಕೆಲಸ ಮುಗಿಸಿಬಿಡೋಣ. ಮನೆಯ ಅಂಗಳದಲ್ಲಿ ಬೈಕ್ ತಳ್ಳಿಕೊಂಡು ಓಡಾಡಲು ಪರವಾನಗಿ ಬೇಡ, ರಸ್ತೆಗೆ ಇಳಿಯಲು ಕಲಿಕಾ ಪರವಾನಗಿ ಬೇಕು. ಎಲ್ಲರೂ ಎಲ್‌ಎಲ್‌ಆರ್ ಎನ್ನುವುದು ಇದನ್ನೇ. ಸರ್ಕಾರದ ಪರಿವಾಹನ್ ಜಾಲತಾಣದ ಸಾರಥಿ ವಿಭಾಗದಲ್ಲಿ ಅರ್ಜಿ ಹಾಕು. ಕೆಎ 31 ನಿನ್ನ ಶಿರಸಿ ಆರ್‌ಟಿಒ ಕಚೇರಿಯ ಸಂಖ್ಯೆ. ಅರ್ಜಿಯಲ್ಲಿ ‘ಗೇರ್ ಇರುವ ಮೋಟಾರ್ ಸೈಕಲ್’ ಎಂಬ ವರ್ಗವನ್ನೇ ಆರಿಸಿಕೋ. ಗೇರ್ ಇಲ್ಲದ ವರ್ಗದ ಪರವಾನಗಿ ಪಡೆದವರು ಗೇರ್ ಬೈಕ್ ಓಡಿಸುವಂತಿಲ್ಲ. ಕಲಿಕಾ ಪರವಾನಗಿಗೆ ಆರು ತಿಂಗಳ ಅವಧಿ ಇರುತ್ತದೆ, ಕೊಟ್ಟ ದಿನದಿಂದ 30 ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಮೂವತ್ತೊಂದನೆಯ ದಿನವೇ ಓಡುವ ಅಗತ್ಯವಿಲ್ಲ, ಎರಡು ಮೂರು ತಿಂಗಳು ಚೆನ್ನಾಗಿ ಅಭ್ಯಾಸ ಮಾಡು. ಅಲ್ಲಿಯವರೆಗೆ ಬೈಕಿನ ಮುಂದೆ ಮತ್ತು ಹಿಂದೆ ಬಿಳಿ ಹಲಗೆಯ ಮೇಲೆ ಕೆಂಪು ‘ಎಲ್’ ಅಕ್ಷರ ಇರಬೇಕು. ಹಿಂದೆ ಕೂರುವವರು ಕಲಿಸುವವರೇ ಆಗಿರಬೇಕು, ಗೆಳತಿಯನ್ನು ಕೂರಿಸಿಕೊಂಡು ಕಾಲೇಜಿಗೆ ಹೋಗುವಂತಿಲ್ಲ.

ಬೈಕಿನ ಕಾಗದಗಳನ್ನೂ ಈಗಲೇ ತೆಗೆದು ನೋಡು. ದ್ವಿಚಕ್ರ ವಾಹನದ ನೋಂದಣಿಗೆ 15 ವರ್ಷದ ಅವಧಿ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಹೆಚ್ಚಾಗಿ ನಿಂತೇ ಇರುವ ಬೈಕಿನ ವಿಮೆ ತೀರಿಹೋಗಿರುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ವಿಮೆ ಇಲ್ಲದ ಬೈಕಿನಿಂದ ಯಾರಿಗಾದರೂ ಪೆಟ್ಟಾದರೆ ಪರಿಹಾರದ ಹೊಣೆ ಮಾಲೀಕರ ಮೇಲೆ, ಅಂದರೆ ನಿನ್ನ ಅಪ್ಪನ ಮೇಲೆ ಬೀಳುತ್ತದೆ. ಕನಿಷ್ಠ ಮೂರನೇ ವ್ಯಕ್ತಿಯ ವಿಮೆ ಮಾಡಿಸದೆ ಆ ಬೈಕ್ ಗೇಟಿನ ಆಚೆ ಹೋಗಬಾರದು.

ತಮ್ಮನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಹದಿನಾರಕ್ಕೆ ಸಿಗುವ ಪರವಾನಗಿ 50 ಸಿಸಿ ಮೀರದ, ಗೇರ್ ಇಲ್ಲದ ವಾಹನಕ್ಕೆ ಮಾತ್ರ. 100 ಸಿಸಿ ಬೈಕಿಗೆ 18 ತುಂಬಲೇಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಆಗಬಹುದು. ವಾಹನದ ನೋಂದಣಿ ಒಂದು ವರ್ಷ ರದ್ದಾಗುತ್ತದೆ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಸಿಗುವುದಿಲ್ಲ. ಹಾಲಿನ ಕ್ಯಾನ್ ಸೈಕಲ್ಲಿನಲ್ಲೂ ಹೋಗುತ್ತದೆ. ಮಗಳ ಬಗ್ಗೆ ಭಯಪಡುವ ಅಪ್ಪ ಮಗನ ಬಗ್ಗೆಯೂ ಅಷ್ಟೇ ಭಯಪಡಬೇಕು ಎಂದು ನಾನು ಹೇಳಿದೆನೆಂದು ಅವರಿಗೆ ತಿಳಿಸು.

ಇನ್ನು ಯಾವ ವಾಹನ ಎಂಬ ಮಾತು. ಗೆಳತಿಯರು ಹೇಳುವ ಸ್ಕೂಟರ್ ಕೆಟ್ಟದ್ದಲ್ಲ, ಪೇಟೆಯೊಳಗೆ ಅದೇ ಸುಲಭ. ಆದರೆ ಅದರ ಚಕ್ರ ಹತ್ತು–ಹನ್ನೆರಡು ಇಂಚಿನದು, ಅಪ್ಪನ ಬೈಕಿನದು ಬಹುಶಃ ಹದಿನೆಂಟು ಇಂಚಿನದು. ಮಳೆಗಾಲ ಮುಗಿದ ಮೇಲೆ ನಮ್ಮ ಹಳ್ಳಿ ರಸ್ತೆಗಳಲ್ಲಿ ಬಿದ್ದಿರುವ ಹೊಂಡಗಳನ್ನು ದೊಡ್ಡ ಚಕ್ರ ದಾಟುವಷ್ಟು ಸಲೀಸಾಗಿ ಚಿಕ್ಕ ಚಕ್ರ ದಾಟುವುದಿಲ್ಲ. ಇಳಿಜಾರಿನಲ್ಲಿ ಗೇರ್ ಬೈಕಿನ ಎಂಜಿನ್ ಹಿಡಿದಿಡುವಷ್ಟು ಗಟ್ಟಿಯಾಗಿ ಸ್ಕೂಟರಿನದು ಹಿಡಿದಿಡುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆಯೇ ಬೀಳುತ್ತದೆ. ಚಿಕ್ಕಪ್ಪನ ಮಗನ ಬೈಕಿಗೆ ಮಾತ್ರ ಈಗ ಕೈ ಹಾಕಬೇಡ. ಸ್ಪ್ಲೆಂಡರ್‌ನಂಥ 100 ಸಿಸಿ ಬೈಕಿನ ತೂಕ ಸುಮಾರು 112 ಕಿಲೋ, ಕ್ಲಾಸಿಕ್ 350 ಬೈಕಿನದು 195 ಕಿಲೋ. ಕಲಿಯುವವರು ಬೀಳುವುದು ವೇಗದಲ್ಲಲ್ಲ, ನಿಂತಲ್ಲೇ ಅಥವಾ ತಿರುಗಿಸುವಾಗ, ಬೈಕ್ ಒಂದು ಕಡೆ ವಾಲಿದಾಗ. 112 ಕಿಲೋ ವಾಲಿದರೆ ಕಾಲು ಕೊಟ್ಟು ಹಿಡಿಯಬಹುದು. 195 ಕಿಲೋ ವಾಲಿದರೆ ಕಾಲು ಅದರ ಕೆಳಗೆ ಸಿಗುತ್ತದೆ. ಎರಡೂ ಪಾದಗಳು ನೆಲಕ್ಕೆ ಚೆನ್ನಾಗಿ ತಾಗುವ ಬೈಕಿನಲ್ಲಿ ಧೈರ್ಯ ಬೇಗ ಬರುತ್ತದೆ.

ನಿಂತ ಬೈಕನ್ನು ನೇರವಾಗಿ ರಸ್ತೆಗೆ ತರಬೇಡ, ಶಿರಸಿಯ ಒಳ್ಳೆಯ ಗ್ಯಾರೇಜಿಗೆ ಒಯ್ದು ಮೊದಲು ಬ್ರೇಕ್ ನೋಡಿಸು. ಹಳೆಯ 100 ಸಿಸಿ ಬೈಕುಗಳಲ್ಲಿ ಎರಡೂ ಚಕ್ರಗಳಿಗೆ ಡ್ರಮ್ ಬ್ರೇಕ್, ಅಂದರೆ ಚಕ್ರದ ನಡುವಿನ ಡಬ್ಬಿಯೊಳಗೆ ಒತ್ತಿ ನಿಲ್ಲಿಸುವ ಬ್ರೇಕ್ ಇರುತ್ತದೆ. ಒಳಗಿನ ಬ್ರೇಕ್ ಶೂ ಸವೆದಿದ್ದರೆ, ತೇವಕ್ಕೆ ತುಕ್ಕು ಹಿಡಿದಿದ್ದರೆ ಹೊಸದು ಹಾಕಿಸು. ಕ್ಲಚ್ ಮತ್ತು ಬ್ರೇಕಿನ ಕೇಬಲ್ಲುಗಳ ಎಳೆ ಬಿಟ್ಟಿದೆಯೇ ನೋಡಲಿ, ಎಂಜಿನ್ ಆಯಿಲ್ ಬದಲಿಸಲಿ, ಚೈನ್ ಬಿಗಿ ಮಾಡಲಿ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತು ಇರುತ್ತದೆ. 2316 ಎಂದಿದ್ದರೆ ಅದು 2016ರ 23ನೇ ವಾರದಲ್ಲಿ ತಯಾರಾದ ಟಯರು. ಗೆರೆಗಳು ಎಷ್ಟೇ ಆಳವಾಗಿ ಕಂಡರೂ ಅಷ್ಟು ಹಳೆಯ ರಬ್ಬರು ಗಟ್ಟಿಯಾಗಿರುತ್ತದೆ, ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ. ಬದಲಿಸಲೇಬೇಕು. ಇಷ್ಟಕ್ಕೆ ಖರ್ಚು ಬರುತ್ತದೆ, ಆದರೂ ಹೊಸ ಬೈಕಿನ ಬೆಲೆಗಿಂತ ಬಹಳ ಕಡಿಮೆಯೇ.

ಹೆಲ್ಮೆಟ್ ನಿನ್ನದೇ ಇರಲಿ, ಅಪ್ಪನದು ನಿನ್ನ ತಲೆಗೆ ಸಡಿಲವಾಗುತ್ತದೆ. ಮುಖವಿಡೀ ಮುಚ್ಚುವ, ಐಎಸ್‌ಐ ಗುರುತಿನ ಹೆಲ್ಮೆಟ್ ಕೊಂಡುಕೋ. 2021ರ ಜೂನ್ ಒಂದರಿಂದ ಆ ಗುರುತಿಲ್ಲದ್ದನ್ನು ಮಾರುವುದೇ ಅಪರಾಧ, ಆದರೂ ರಸ್ತೆ ಬದಿಯಲ್ಲಿ ಸಿಗುತ್ತವೆ. ಹಾಕಿಕೊಂಡಾಗ ಎರಡೂ ಕೆನ್ನೆ ಒತ್ತಿದಂತಿರಬೇಕು, ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಬೇರೆಯಾಗಿ ಅಲ್ಲಾಡಬಾರದು. ಕೊರಳ ಪಟ್ಟಿ ಹಾಕದ ಹೆಲ್ಮೆಟ್ ಬಿದ್ದಾಗ ನಿನಗಿಂತ ಮೊದಲು ಹಾರಿಹೋಗುತ್ತದೆ. ಚಪ್ಪಲಿ ಬೇಡ, ಬೂಟು ಇರಲಿ. ಚೂಡಿದಾರದ ದುಪ್ಪಟ್ಟಾವನ್ನು ಬಿಚ್ಚಿ ಚೀಲದೊಳಗೆ ಹಾಕಿಬಿಡು. ಹಿಂದಿನ ಚಕ್ರಕ್ಕೆ, ಚೈನಿಗೆ ಸಿಕ್ಕಿದ ಬಟ್ಟೆ ಕೊರಳನ್ನೇ ಎಳೆದಿರುವ ಪ್ರಕರಣಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ಬೈಕ್ ಓಡಿಸುವಾಗ ಜಾಕೆಟ್ಟಿನ ಒಳಗೆ ಸಿಕ್ಕಿಸಿಕೊಂಡರೂ ಸಾಲದು, ಅದು ಚೀಲದಲ್ಲೇ ಇರಲಿ.

ಈಗ ಅಂಗಳಕ್ಕೆ ಬಾ. ಮೊದಲ ಎರಡು ಮೂರು ದಿನ ಬೈಕನ್ನು ಸ್ಟಾರ್ಟ್ ಮಾಡಲೇಬೇಡ. ನ್ಯೂಟ್ರಲ್‌ನಲ್ಲಿ, ಅಂದರೆ ಯಾವ ಗೇರಿಗೂ ಹಾಕದೆ ತಳ್ಳಿಕೊಂಡು ಹೋಗು, ತಿರುಗಿಸು, ಸ್ಟ್ಯಾಂಡ್ ಹಾಕು, ತೆಗೆ. ಎಷ್ಟು ವಾಲಿದರೆ ಭಾರ ಕೈಗೆ ಬರುತ್ತದೆ ಎಂಬುದು ಮೈಗೆ ತಿಳಿಯಲಿ. ಆಮೇಲೆ ಸ್ವಲ್ಪವೇ ಇಳಿಜಾರಿರುವ, ಯಾರೂ ಓಡಾಡದ ಜಾಗಕ್ಕೆ ಅಪ್ಪನನ್ನೇ ಜೊತೆಗೆ ಕರೆದುಕೊಂಡು ಹೋಗು. ಎಂಜಿನ್ ಬಂದ್ ಇರುವಂತೆಯೇ ಬೈಕಿನ ಮೇಲೆ ಕೂತು ಮೆಲ್ಲನೆ ಉರುಳಲು ಬಿಡು, ಹತ್ತು ಹೆಜ್ಜೆ ಹೋದ ಮೇಲೆ ಬಲಗೈಯ ಮುಂದಿನ ಬ್ರೇಕ್, ಬಲಗಾಲಿನ ಹಿಂದಿನ ಬ್ರೇಕ್ ಎರಡನ್ನೂ ಹಾಕಿ ನಿಲ್ಲಿಸು, ಎಡಗಾಲು ಊರು. ಮತ್ತೆ ತಳ್ಳಿ ಮೇಲಕ್ಕೆ ತಾ, ಮತ್ತೆ ಉರುಳು. ಎಂಜಿನ್ನಿನ ಸದ್ದು, ಕ್ಲಚ್ಚಿನ ಗೊಂದಲ ಯಾವುದೂ ಇಲ್ಲದೆ ಬರಿಯ ನಿಲ್ಲಿಸುವುದನ್ನೇ ಕಲಿಯುವ ಉಪಾಯ ಇದು. ನಾನು ಕಲಿಸುವವರೆಲ್ಲರೂ ಇಲ್ಲಿಂದಲೇ ಆರಂಭಿಸುತ್ತಾರೆ. ಅಪ್ಪ ಪಕ್ಕದಲ್ಲಿ ನಡೆಯುತ್ತಾ ಮಗಳು ಬೇಕೆಂದಲ್ಲಿ ಬೈಕ್ ನಿಲ್ಲಿಸುವುದನ್ನು ನೋಡಿದರೆ ಅವರ ಭಯಕ್ಕೂ ಅದೇ ಔಷಧ.

ಎಂಜಿನ್ ಸ್ಟಾರ್ಟ್ ಮಾಡುವ ದಿನ ಕಲಿಯಬೇಕಾದದ್ದು ಎಡಗೈಯ ಕ್ಲಚ್ಚನ್ನು. ಅದನ್ನು ಹಿಡಿದರೆ ಎಂಜಿನ್ನಿಗೂ ಚಕ್ರಕ್ಕೂ ಇರುವ ಕೊಂಡಿ ಬಿಡುತ್ತದೆ. ಮೊದಲ ಗೇರಿಗೆ ಹಾಕಿ ಕ್ಲಚ್ಚನ್ನು ಕೂದಲೆಳೆಯಷ್ಟು ಬಿಡುತ್ತಾ ಬಂದರೆ ಒಂದು ಹಂತದಲ್ಲಿ ಎಂಜಿನ್ನಿನ ಸದ್ದು ತಗ್ಗುತ್ತದೆ, ಬೈಕ್ ಮುಂದಕ್ಕೆ ಮಿಸುಕುತ್ತದೆ. ಅಲ್ಲೇ ನಿಲ್ಲಿಸಿ ಮತ್ತೆ ಕ್ಲಚ್ ಹಿಡಿ. ಎಕ್ಸಿಲರೇಟರ್ ಸ್ವಲ್ಪವೇ ಸಾಕು. ಮಿಸುಕು, ಹಿಡಿ, ಮಿಸುಕು, ಹಿಡಿ. ಕೈ ನೋಯುವವರೆಗೆ ಇದನ್ನೇ ಮಾಡು. ಅವಸರದಿಂದ ಕ್ಲಚ್ ಬಿಟ್ಟವರಿಗೆ ಬೈಕ್ ನೆಗೆಯುತ್ತದೆ, ನೆಗೆದಾಗ ಗಾಬರಿಯಲ್ಲಿ ಬಲಗೈ ಎಕ್ಸಿಲರೇಟರನ್ನು ಇನ್ನಷ್ಟು ತಿರುಗಿಸಿಬಿಡುತ್ತದೆ. ಅದಕ್ಕೇ ನಿನಗೊಂದು ನಿಯಮ: ಏನೇ ಗಾಬರಿಯಾದರೂ ಮೊದಲು ಎಡಗೈ ಬಿಗಿಯಲಿ. ಕ್ಲಚ್ ಹಿಡಿದ ಬೈಕ್ ಎಷ್ಟೇ ಕೂಗಲಿ, ಮುಂದಕ್ಕೆ ನೆಗೆಯುವುದಿಲ್ಲ.

ಗೇರಿನ ದಿಕ್ಕನ್ನು ಅಪ್ಪನಿಂದ ಕೇಳಿ ತಿಳಿದುಕೋ. ಅನೇಕ ಬೈಕುಗಳಲ್ಲಿ ಮೊದಲ ಗೇರ್ ಕೆಳಕ್ಕೆ, ಉಳಿದವು ಮೇಲಕ್ಕೆ ಇರುತ್ತವೆ. ಹಳೆಯ ಕೆಲವು 100 ಸಿಸಿ ಬೈಕುಗಳಲ್ಲಿ ಎಲ್ಲ ಗೇರುಗಳೂ ಒಂದೇ ದಿಕ್ಕಿನಲ್ಲಿರುತ್ತವೆ. ಒಂದರಲ್ಲಿ ಕಲಿತು ಇನ್ನೊಂದನ್ನು ಹತ್ತಿದಾಗ ಕಾಲು ಹಳೆಯ ಅಭ್ಯಾಸದಂತೆಯೇ ಒತ್ತುತ್ತದೆ, ಮೇಲಿನ ಗೇರಿಗೆ ಹೋಗಬೇಕಾದ ಬೈಕ್ ಕೆಳಗಿನ ಗೇರಿಗೆ ಬಿದ್ದು ಹಿಂದಿನ ಚಕ್ರ ಹಿಡಿದುಕೊಳ್ಳುತ್ತದೆ. ಯಾರದಾದರೂ ಬೈಕ್ ಇಸಿದುಕೊಂಡ ದಿನ ಇದು ನೆನಪಿರಲಿ.

ನಿಧಾನವಾಗಿ ಎಂಟರ ಆಕಾರದಲ್ಲಿ ತಿರುಗುವುದನ್ನು ಈ ಹಂತದಲ್ಲೇ ಮಾಡು. ಪರವಾನಗಿ ಪರೀಕ್ಷೆಯಲ್ಲೂ ಕಾಲು ಊರದೆ ಇದನ್ನೇ ಮಾಡಿ ತೋರಿಸಬೇಕು. ಗುಟ್ಟು ಇಷ್ಟೇ: ಕ್ಲಚ್ ಅರ್ಧ ಹಿಡಿದಿರಲಿ, ಹಿಂದಿನ ಬ್ರೇಕಿನ ಮೇಲೆ ಪಾದ ಹಗುರವಾಗಿ ಒತ್ತಿರಲಿ, ಮುಂದಿನ ಬ್ರೇಕನ್ನು ಮುಟ್ಟಲೇಬೇಡ, ಮುಖವನ್ನು ಹೋಗಬೇಕಾದ ಕಡೆಗೆ ಪೂರ್ತಿ ತಿರುಗಿಸು. ಮುಂದಿನ ಚಕ್ರವನ್ನು ನೋಡಿದರೆ ಬೀಳುತ್ತೀಯ. ಕಣ್ಣು ಎಲ್ಲಿಗೋ ಬೈಕ್ ಅಲ್ಲಿಗೆ, ಇದು ಘಟ್ಟದ ತಿರುವಿನವರೆಗೂ ಸುಳ್ಳಾಗದ ಮಾತು. ಹೊಂಡವನ್ನೇ ನೋಡುತ್ತಾ ಹೋದವರು ಹೊಂಡಕ್ಕೇ ಇಳಿಯುತ್ತಾರೆ, ಪಕ್ಕದ ಒಳ್ಳೆಯ ಜಾಗವನ್ನು ನೋಡಿದವರು ದಾಟಿಕೊಳ್ಳುತ್ತಾರೆ.

ಬ್ರೇಕಿನ ಬಗ್ಗೆ ನಮ್ಮಲ್ಲಿ ಒಂದು ಅಪಾಯದ ನಂಬಿಕೆ ಬೇರೂರಿದೆ. ‘ಮುಂದಿನ ಬ್ರೇಕ್ ಹಿಡಿಯಬೇಡ, ಪಲ್ಟಿಯಾಗುತ್ತೀಯ’ ಎಂದು ನಿನಗೂ ಯಾರಾದರೂ ಹೇಳಿಯೇ ಇರುತ್ತಾರೆ. ಬ್ರೇಕ್ ಹಾಕಿದಾಗ ಬೈಕಿನ ಮತ್ತು ನಿನ್ನ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬರುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಹಗುರವಾದ ಚಕ್ರಕ್ಕೆ ರಸ್ತೆಯ ಹಿಡಿತ ಕಡಿಮೆ, ಆದ್ದರಿಂದ ಹಿಂದಿನ ಬ್ರೇಕನ್ನೇ ಜೋರಾಗಿ ಒತ್ತಿದರೆ ಅದು ಜಾರಿ ಅಡ್ಡಡ್ಡ ಹೋಗುತ್ತದೆ. ಒಣ ಡಾಂಬರಿನಲ್ಲಿ ನಿಲ್ಲಿಸುವ ಶಕ್ತಿಯ ಬಹುಪಾಲು ಇರುವುದು ಮುಂದಿನ ಬ್ರೇಕಿನಲ್ಲೇ. ಪಲ್ಟಿಯಾಗುವುದು ಅದನ್ನು ಬಳಸಿದವರಲ್ಲ, ಒಮ್ಮೆಲೇ ಕಚ್ಚಿ ಹಿಡಿದವರು. ಒದ್ದೆ ಬಟ್ಟೆ ಹಿಂಡುವಾಗ ಕೈ ಹೇಗೆ ಬಿಗಿಯಾಗುತ್ತಾ ಹೋಗುತ್ತದೋ ಹಾಗೆ ಹಿಡಿ: ಮೊದಲು ಮೆಲ್ಲಗೆ, ಭಾರ ಮುಂದಕ್ಕೆ ಬಂದದ್ದು ತಿಳಿದ ಮೇಲೆ ಗಟ್ಟಿಯಾಗಿ. ಜೊತೆಗೆ ಹಿಂದಿನ ಬ್ರೇಕ್ ಹದವಾಗಿರಲಿ. ಬೈಕ್ ನೆಟ್ಟಗಿರಲಿ, ಹ್ಯಾಂಡಲ್ ನೇರವಾಗಿರಲಿ. ಉಸುಕು, ಜಲ್ಲಿ, ಕೆಸರಿನ ಮೇಲೆ ಮತ್ತು ಬೈಕ್ ವಾಲಿರುವಾಗ ಮಾತ್ರ ಮುಂದಿನ ಬ್ರೇಕಿನಲ್ಲಿ ಬಹಳ ಎಚ್ಚರ ಬೇಕು.

ವೇಗ ಮತ್ತು ನಿಲ್ಲುವ ದೂರದ ಲೆಕ್ಕವನ್ನು ಒಮ್ಮೆ ಮನಸ್ಸಿಟ್ಟು ಓದು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ನೀನು ಪ್ರತಿ ಸೆಕೆಂಡಿಗೆ ಎಂಟು ಮೀಟರ್‌ಗಿಂತ ಸ್ವಲ್ಪ ಹೆಚ್ಚು ಸಾಗುತ್ತೀಯ. ದನ ಕಂಡು, ಮನಸ್ಸಿಗೆ ಹೊಳೆದು, ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡ್ ಕಳೆಯುತ್ತದೆ ಎಂದಿಟ್ಟುಕೋ. ಆಮೇಲೆ ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕ್ ಹಾಕಿದರೆ ಇನ್ನೊಂದು ಆರು ಮೀಟರ್. ಒಟ್ಟು ಹದಿನಾಲ್ಕು, ಹದಿನೈದು ಮೀಟರ್ ಆಯಿತು. ಅದೇ 60ರ ವೇಗದಲ್ಲಿ ಯೋಚಿಸುವುದರಲ್ಲೇ ಹದಿನೇಳು ಮೀಟರ್ ಹೋಗುತ್ತದೆ, ಬ್ರೇಕಿನ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗಿ ಇಪ್ಪತ್ತಮೂರು ಮೀಟರ್ ದಾಟುತ್ತದೆ. ಒಟ್ಟು ನಲವತ್ತು ಮೀಟರ್. ಒದ್ದೆ ರಸ್ತೆಯಲ್ಲಿ ಇನ್ನೂ ಹೆಚ್ಚು. ನಿನ್ನ ಊರಿನ ರಸ್ತೆಯಲ್ಲಿ ನಲವತ್ತು ಮೀಟರ್ ನೇರವಾಗಿ ಕಾಣುವ ಜಾಗ ಎಷ್ಟಿದೆ, ಹೆಜ್ಜೆ ಹಾಕಿ ಅಳೆದು ನೋಡು. ಕಣ್ಣಿಗೆ ಕಾಣುವ ರಸ್ತೆಯೊಳಗೆ ನಿಲ್ಲಿಸಲು ಆಗುವಷ್ಟೇ ನಿನ್ನ ವೇಗ. ತಿರುವಿನಲ್ಲಿ ರಸ್ತೆ ಕಡಿಮೆ ಕಂಡರೆ ವೇಗವೂ ಕಡಿಮೆ, ಮಂಜಿನಲ್ಲಿ ಇನ್ನೂ ಕಡಿಮೆ. ವೇಗಮಿತಿಯ ಫಲಕವನ್ನು ನೋಡುವ ಮೊದಲು ಈ ಲೆಕ್ಕ ನೋಡು.

ಇದಕ್ಕೆ ಅಭ್ಯಾಸ ಹೀಗೆ: ಖಾಲಿ ರಸ್ತೆಯ ಬದಿಗೆ ಒಂದು ಕಲ್ಲು ಇಡು. 20ರ ವೇಗದಲ್ಲಿ ಬಂದು ಕಲ್ಲಿನ ಹತ್ತಿರ ಬ್ರೇಕ್ ಹಿಡಿ, ನಿಂತಲ್ಲಿಂದ ಕಲ್ಲಿನವರೆಗೆ ಹೆಜ್ಜೆ ಎಣಿಸು. ಹೆಜ್ಜೆ ಕಡಿಮೆಯಾಗುತ್ತಾ ಬಂದು, ಟಯರ್ ಜಾರದೆ ನಿಲ್ಲುವಂತಾದ ಮೇಲೆ 30ಕ್ಕೆ ಹೋಗು, ಆಮೇಲೆ 40ಕ್ಕೆ. ಪರವಾನಗಿ ಬಂದ ಮೇಲೂ ತಿಂಗಳಿಗೊಮ್ಮೆ ಇದನ್ನು ಮಾಡು. ಮುಂದೆ ಹೊಸ ಬೈಕ್ ಕೊಂಡರೆ ಅದರ ಬ್ರೇಕಿನ ಬಗೆಯನ್ನೂ ತಿಳಿದುಕೋ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎಬಿಎಸ್ ಕಡ್ಡಾಯ. ಅದು ಚಕ್ರ ಹಿಡಿದುಕೊಳ್ಳದಂತೆ ತಾನೇ ನೋಡಿಕೊಳ್ಳುತ್ತದೆ. ಆಗ ಲಿವರ್ ಬೆರಳಿಗೆ ಅದುರಿದಂತೆ ತಿಳಿಯುತ್ತದೆ, ಹೆದರಿ ಬಿಡದೆ ಹಿಡಿದೇ ಇರಬೇಕು. ಅಪ್ಪನ ಬೈಕಿನಲ್ಲಿ ಆ ಸೌಕರ್ಯ ಇಲ್ಲ. ಅಲ್ಲಿ ಎಲ್ಲವೂ ನಿನ್ನ ಬೆರಳಿನದೇ ಹೊಣೆ, ಕಲಿಯಲು ಅದು ಒಳ್ಳೆಯದೇ.

ಕಾಲೇಜಿನ ಹಾದಿಗೆ ಇಳಿದ ಮೇಲೆ ಮೊದಲ ವಾರಗಳಲ್ಲಿ ಬೆಳಗಿನ ಬೆಳಕಿನಲ್ಲಿ, ವಾಹನ ಕಡಿಮೆ ಇರುವಾಗ ಹೋಗು. ಹೆಡ್‌ಲೈಟ್ ಹಗಲಿನಲ್ಲೂ ಉರಿಯಲಿ. 2017ರ ಏಪ್ರಿಲ್‌ನಿಂದ ಬರುವ ಬೈಕುಗಳಲ್ಲಿ ಅದು ತಾನಾಗಿಯೇ ಉರಿಯುತ್ತದೆ, ಹಳೆಯದರಲ್ಲಿ ನೀನೇ ಸ್ವಿಚ್ ಹಾಕಬೇಕು. ಅಡಿಕೆ ತೋಟದ ನೆರಳು ಬಿಸಿಲು ಬೆರೆತ ರಸ್ತೆಯಲ್ಲಿ ಬಸ್ಸಿನ ಚಾಲಕರಿಗೆ ಮೊದಲು ಕಾಣುವುದು ನಿನ್ನ ದೀಪ. ಜಂಬಿಟ್ಟಿಗೆ ಕಲ್ಲು ಸಾಗಿಸುವ ಲಾರಿಗಳಿಂದ ಉದುರಿದ ಕೆಂಪು ಪುಡಿ, ಕಚ್ಚಾ ರಸ್ತೆ ಡಾಂಬರಿಗೆ ಕೂಡುವಲ್ಲಿ ಹರಡಿದ ಜಲ್ಲಿ, ಮರದಡಿ ಬಿದ್ದ ದರಕು (ಒಣ ಎಲೆ), ಇವು ನಮ್ಮ ಕಡೆಯ ಬೈಕ್ ಬೀಳಿಸುವ ಜಾಗಗಳು. ಅವುಗಳಿಗಿಂತ ಮೊದಲೇ ವೇಗ ಇಳಿಸು, ಅವುಗಳ ಮೇಲೆ ಬ್ರೇಕ್ ಹಿಡಿಯಬೇಡ. ನಾಯಿ ಅಟ್ಟಿಸಿಕೊಂಡು ಬಂದರೆ ಕಾಲು ಬೀಸಬೇಡ, ವೇಗ ಇಳಿಸಿ ಅದರ ಲೆಕ್ಕ ತಪ್ಪಿಸಿ ಮುಂದೆ ಹೋಗು. ರಾತ್ರಿ ಬೆಚ್ಚಗಿನ ಡಾಂಬರಿನ ಮೇಲೆ ದನ ಮಲಗಿರುತ್ತವೆ, ಕಪ್ಪು ಎಮ್ಮೆ ದೀಪಕ್ಕೂ ಕಾಣುವುದಿಲ್ಲ. ಮೊದಲ ವರ್ಷ ಕತ್ತಲಾದ ಮೇಲೆ ಓಡಿಸದಿರುವುದೇ ಒಳ್ಳೆಯದು.

ಮಳೆಗಾಲಕ್ಕೆ ಮುಂಚೆ ನಿನಗೆ ಸಾಕಷ್ಟು ತಿಂಗಳುಗಳಿವೆ. ದೀಪಾವಳಿಯ ಹೊತ್ತಿಗೆ ಕಲಿಯಲು ಆರಂಭಿಸಿದವರು ಜೂನ್ ಬರುವಷ್ಟರಲ್ಲಿ ಒಣ ರಸ್ತೆಯಲ್ಲಿ ಪಳಗಿರುತ್ತಾರೆ. ಮಳೆಯಲ್ಲಿ ಕಲಿಯಲು ಶುರು ಮಾಡಿದವರಿಗೆ ರಸ್ತೆ ಕ್ಷಮಿಸುವುದಿಲ್ಲ. ಮೊದಲ ಮಳೆಯ ಮೊದಲ ಅರ್ಧ ಗಂಟೆ ವರ್ಷದಲ್ಲೇ ಹೆಚ್ಚು ಜಾರುವ ಹೊತ್ತು, ಬೇಸಿಗೆಯಿಡೀ ಕೂತ ಎಣ್ಣೆಯೂ ಧೂಳೂ ಆಗ ಮೇಲೇಳುತ್ತವೆ. ಆಮೇಲೆ ಹಾವಸೆ ಕಟ್ಟಿದ ಸಿಮೆಂಟ್ ರಸ್ತೆ. ಮಳೆಯಲ್ಲಿ ರೇನ್‌ಕೋಟ್ ಹಾಕಿಕೋ. ಹಿಂದೆ ಕೂತವರು ಕೊಡೆ ಬಿಡಿಸಿಕೊಂಡು ಹೋಗುವುದನ್ನು ನಮ್ಮ ಕಡೆ ದಿನವೂ ನೋಡುತ್ತೇವೆ. ಗಾಳಿಗೆ ಕೊಡೆ ಉಬ್ಬಿದರೆ ಹಿಂದೆ ಕೂತವರನ್ನೇ ಕಿತ್ತು ಎಸೆಯುತ್ತದೆ. ನಿನ್ನ ಬೈಕಿನಲ್ಲಿ ಅಮ್ಮ ಕೂತರೂ ಕೊಡೆ ಬಿಡಿಸಲು ಬಿಡಬೇಡ.

ಇನ್ನು ಗೋಕರ್ಣ. ಜನವರಿಗೆ ನೀನು ಓಡಿಸಿಕೊಂಡು ಹೋಗಬೇಡ. ಆಗ ನಿನ್ನ ಕೈಯಲ್ಲಿ ಇನ್ನೂ ಎಲ್‌ಎಲ್‌ಆರ್ ಇರಬಹುದು, ಘಟ್ಟ ಇಳಿಯುವ ಅಭ್ಯಾಸ ಇರುವುದಿಲ್ಲ. ಶಿರಸಿಯಿಂದ ಗೋಕರ್ಣದ ಹಾದಿಯ ಕುಮಟಾಕ್ಕೇ ಸುಮಾರು 60 ಕಿಲೋಮೀಟರ್, ಅದರಲ್ಲಿ ದೇವಿಮನೆಯ ಮುರ್ಕಿಗಳನ್ನು, ಅಂದರೆ ಕಡಿದಾದ ತಿರುವುಗಳನ್ನು ಇಳಿದು ಅದೇ ದಿನ ಹತ್ತಬೇಕು. ಗುಂಪಿನಲ್ಲಿ ಮುಂದಿನವರ ವೇಗವೇ ನಿನ್ನ ವೇಗವಾಗಿಬಿಡುತ್ತದೆ. ನಾಚಿಕೆಯಿಂದ ಹಿಂದೆ ಉಳಿಯಲಾಗದೆ ತಿರುವಿಗೆ ಹೆಚ್ಚಿನ ವೇಗದಲ್ಲಿ ಹೋಗುವುದು ಹೊಸಬರು ಬೀಳುವ ಸಾಮಾನ್ಯ ಕಾರಣ. ಜನವರಿಯಲ್ಲಿ ಬಸ್ಸಿನಲ್ಲಿ ಹೋಗಿ ಅವರನ್ನು ಗೋಕರ್ಣದಲ್ಲಿ ಕೂಡಿಕೋ. ಕಿಟಕಿಯ ಪಕ್ಕ ಕೂತು ಚಾಲಕ ಪ್ರತಿ ತಿರುವಿಗೂ ಯಾವ ಗೇರಿಗೆ ಬರುತ್ತಾನೆ, ಎಲ್ಲಿ ಹಾರನ್ ಹಾಕುತ್ತಾನೆ, ಬಸ್ಸಿನ ಹಿಂಭಾಗ ತಿರುವಿನಲ್ಲಿ ಎಷ್ಟು ಜಾಗ ತಿನ್ನುತ್ತದೆ ಎಂದು ನೋಡು.

ಮಾರ್ಚ್ ಹೊತ್ತಿಗೆ ಪರವಾನಗಿ ಬಂದು, ದಿನವೂ ಕಾಲೇಜಿಗೆ ಓಡಿಸಿ ಕೈ ಪಳಗಿದ್ದರೆ, ಒಬ್ಬ ಅನುಭವಿಯ ಜೊತೆ ಬೆಳಗ್ಗೆ ಘಟ್ಟಕ್ಕೆ ಹೋಗು. ಅರಬೈಲ್ ಆಗಲಿ, ಗೇರುಸೊಪ್ಪೆಯ ಕಡೆಯ ಘಟ್ಟವಾಗಲಿ, ಇಳಿಯುವ ಕ್ರಮ ಒಂದೇ. ಇಳಿಜಾರು ಶುರುವಾಗುವ ಮೊದಲೇ ಎರಡನೆಯ ಗೇರಿಗೆ ಬಾ, ಎಂಜಿನ್ನೇ ಬೈಕನ್ನು ಹಿಡಿದಿಡಲಿ. ಪೆಟ್ರೋಲ್ ಉಳಿಸಲೆಂದು ಎಂಜಿನ್ ಬಂದ್ ಮಾಡಿಯೋ ನ್ಯೂಟ್ರಲ್ ಮಾಡಿಯೋ ಘಟ್ಟ ಇಳಿಯುವ ಹಳೆಯ ಅಭ್ಯಾಸ ನಮ್ಮ ಜಿಲ್ಲೆಯಲ್ಲಿದೆ. ಹಾಗೆ ಮಾಡಿದರೆ ಇಳಿಜಾರಿನ ಉದ್ದಕ್ಕೂ ಬ್ರೇಕ್ ಒಂದೇ ದುಡಿಯುತ್ತದೆ, ಡ್ರಮ್ ಕಾದು, ಕೊನೆಯ ತಿರುವಿನ ಹೊತ್ತಿಗೆ ಪೆಡಲ್ ಎಷ್ಟು ತುಳಿದರೂ ಹಿಡಿತ ಇರುವುದಿಲ್ಲ. ಕ್ಲಚ್ ಹಿಡಿದುಕೊಂಡು ಇಳಿಯುವುದೂ ಅದೇ ತಪ್ಪು. ತಿರುವಿಗೆ ಮುಂಚೆ, ಬೈಕ್ ನೆಟ್ಟಗಿರುವಾಗಲೇ ವೇಗ ಇಳಿಸಿ ಮುಗಿಸು, ತಿರುವಿನ ಒಳಗೆ ಬ್ರೇಕ್ ಹುಡುಕಬೇಡ. ದೊಡ್ಡ ತಿರುವಿನಲ್ಲಿ ಬಸ್ಸಿಗೆ ರಸ್ತೆಯಿಡೀ ಬೇಕು, ಎದುರಿನಿಂದ ಹಾರನ್ ಕೇಳಿದರೆ ತಿರುವಿಗೆ ಮೊದಲೇ ಎಡಕ್ಕೆ ನಿಂತು ಅದನ್ನು ಬಿಡು. ಹತ್ತುವ ವಾಹನಕ್ಕೆ ದಾರಿ ಕೊಡುವುದು ಇಳಿಯುವವರ ಕರ್ತವ್ಯ. ಹತ್ತುವಾಗ ಏರಿನಲ್ಲಿ ನಿಲ್ಲಬೇಕಾಗಿ ಬಂದರೆ ಹಿಂದಿನ ಬ್ರೇಕ್ ತುಳಿದು ಹಿಡಿದಿರು, ಕ್ಲಚ್ ಹಿಡಿಯುವ ಜಾಗಕ್ಕೆ ಬಂದು ಬೈಕ್ ಮುಂದಕ್ಕೆ ತೊನೆದ ಮೇಲೆ ಬ್ರೇಕ್ ಬಿಡು.

ಕುಮಟಾ ತಲುಪಿದ ಮೇಲೆ ರಾಷ್ಟ್ರೀಯ ಹೆದ್ದಾರಿ 66. ಅಲ್ಲಿನ ಕಷ್ಟಗಳೇ ಬೇರೆ. ನಾಲ್ಕು ಪಥವಾದ ಮೇಲೆ ತಿರುಗುವ ಜಾಗ ದೂರವೆಂದು ಬೈಕಿನವರು ಎದುರು ದಿಕ್ಕಿನಲ್ಲೇ ಬರುತ್ತಾರೆ, ಎಡಬದಿಯಲ್ಲೂ ನಿಶ್ಚಿಂತೆ ಇಲ್ಲ. ನೀನು ಹಾಗೆ ಒಮ್ಮೆಯೂ ಹೋಗಬೇಡ. ಮೀನಿನ ಲಾರಿಗಳಿಂದ ಸುರಿಯುವ ನೀರಿನಲ್ಲಿ ಜಿಡ್ಡು ಇರುತ್ತದೆ, ಅಂಥ ಲಾರಿಯ ಹಿಂದೆ ಹತ್ತಿರದಲ್ಲಿ ಹೋಗಬೇಡ, ಒದ್ದೆ ಗೆರೆಯ ಮೇಲೆ ಬ್ರೇಕ್ ಹಾಕಬೇಡ. ಸೇತುವೆಗಳ ಮೇಲೆ ಅಡ್ಡಗಾಳಿ ಇರುತ್ತದೆ, ದೊಡ್ಡ ಲಾರಿ ಹಾದುಹೋದಾಗ ಗಾಳಿ ಮೊದಲು ತಳ್ಳಿ ಆಮೇಲೆ ಎಳೆಯುತ್ತದೆ, ಮೊಣಕಾಲಿನಿಂದ ಟ್ಯಾಂಕ್ ಅಪ್ಪಿ ಹಿಡಿದು ಕೈ ಸಡಿಲ ಬಿಡು. ಮುಂದೆಂದಾದರೂ ಕಾರವಾರದವರೆಗೆ ಹೋದರೆ ಸುರಂಗದೊಳಗೆ ಹೋಗುವ ಮುನ್ನ ತಂಪು ಕನ್ನಡಕ ತೆಗೆದುಬಿಡು. ಸಮುದ್ರದ ಉಪ್ಪುಗಾಳಿ ಚೈನಿಗೆ ಬೇಗ ತುಕ್ಕು ಹಿಡಿಸುತ್ತದೆ, ಬಂದ ಮೇಲೆ ಬೈಕನ್ನು ಸಿಹಿನೀರಿನಲ್ಲಿ ತೊಳೆದು ಚೈನಿಗೆ ಎಣ್ಣೆ ಹಾಕು.

ನಿಲ್ಲುವ ಜಾಗದ ಬಗ್ಗೆಯೂ ಯೋಚಿಸು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದಾಗ ಮಣ್ಣಿನಡಿ ಸಿಕ್ಕವರಲ್ಲಿ ರಸ್ತೆ ಬದಿಯ ಚಹಾದಂಗಡಿಯ ಬಳಿ ಇದ್ದವರೂ ಸೇರಿದ್ದರು. ಅವರ ತಪ್ಪು ಏನೂ ಇರಲಿಲ್ಲ. ಆದರೆ ಆ ದಿನದ ನಂತರ ನಾನು ಕಲಿಸುವ ಎಲ್ಲರಿಗೂ ಹೇಳುತ್ತೇನೆ: ಜೋರು ಮಳೆಯಲ್ಲಿ ಕಡಿದ ಗುಡ್ಡದ ಕೆಳಗೆ ಮಳೆ ನಿಲ್ಲಲಿ ಎಂದು ಕಾಯಬೇಡಿ. ನೆನೆದರೂ ಚಿಂತೆಯಿಲ್ಲ, ನಿಧಾನವಾಗಿ ತೆರೆದ ಜಾಗಕ್ಕೋ ಊರಿನೊಳಕ್ಕೋ ಹೋಗಿ ನಿಲ್ಲಿ. ಘಟ್ಟದಲ್ಲಿ ಕುಸಿತದ ಸುದ್ದಿ, ರಸ್ತೆ ಬಂದ್ ಮಾಡಿದ ಸುದ್ದಿ ಇದ್ದರೆ ಬೈಕ್ ಮನೆಯಲ್ಲೇ ಇರಲಿ.

ನಾಳೆಯೇ ಮಾಡಬೇಕಾದ ಕೆಲಸ ಎರಡು: ಅಪ್ಪನಿಂದ ಬೈಕಿನ ಆರ್‌ಸಿ (ನೋಂದಣಿ ಪತ್ರ) ಮತ್ತು ವಿಮೆಯ ಕಾಗದ ಕೇಳಿ ತೆಗೆದುಕೊಂಡು ನೋಂದಣಿ ಮತ್ತು ವಿಮೆಯ ದಿನಾಂಕ ನೋಡು, ಎಲ್‌ಎಲ್‌ಆರ್ ಅರ್ಜಿ ತುಂಬು. ಬೈಕನ್ನು ಅಂಗಳದಲ್ಲಿ ತಳ್ಳಿ ತಿರುಗಿಸುವುದನ್ನು ಆ ಸಂಜೆಯೇ ಶುರು ಮಾಡಬಹುದು.